ಕರುಳಿನ ಹಳೆಯ ಉರಿ: ಎಂಟನೆಯ ವರ್ಷದ ಎಚ್ಚರ

ತಲೆನೋವು, ಮಂಡಿನೋವುಗಳನ್ನು ಮನೆಗೆ ಬಂದವರೆಲ್ಲರೊಡನೆ ಹೇಳಿಕೊಳ್ಳುವವರೂ ಮಲದೊಡನೆ ರಕ್ತ ಹೋಗುತ್ತಿದ್ದರೆ ಅದನ್ನು ಹೆಂಡತಿ ಮಕ್ಕಳಿಂದಲೂ ಮರೆಮಾಚುತ್ತಾರೆ. ಈ ಸಂಕೋಚ ಎಷ್ಟು ದುಬಾರಿಯಾಗಬಲ್ಲದೆಂಬುದನ್ನು ನಾನು ಒಂದೇ ಕುಟುಂಬದ ಇಬ್ಬರಲ್ಲಿ ಕಂಡಿದ್ದೇನೆ.

ಹದಿನಾಲ್ಕು ವರ್ಷಗಳ ಹಿಂದೆ 46 ವರ್ಷದ ಶಾಲಾ ಶಿಕ್ಷಕರೊಬ್ಬರು ನನ್ನಲ್ಲಿಗೆ ಬಂದರು. ಮುಖ ಬಿಳಿಚಿಕೊಂಡಿತ್ತು, ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ವಿಚಾರಿಸಿದಾಗ ಹಳೆಯ ಸಂಗತಿ ಹೊರಬಿತ್ತು. 27ನೆಯ ವಯಸ್ಸಿನಲ್ಲಿ ಅವರಿಗೆ ರಕ್ತ, ಲೋಳೆ ಬೆರೆತ ಭೇದಿ ತೊಡಗಿತ್ತು. ಮೂಲವ್ಯಾಧಿಯೆಂದು ಎರಡು ವರ್ಷ ನಾಟಿ ಔಷಧ ನಡೆಯಿತು. ಬಳಿಕ ತಜ್ಞರು ಪರೀಕ್ಷಿಸಿ, ಅದು ದೊಡ್ಡ ಕರುಳಿನ ಉರಿಯೂತ, ಅಲ್ಸರೇಟಿವ್ ಕೊಲೈಟಿಸ್ ಎಂದು ನಿರ್ಣಯಿಸಿದರು. ಮೂರು ವರ್ಷ ಮಾತ್ರೆ ನುಂಗಿದರು, ಗುಣ ಕಂಡಿತು, ಮಾತ್ರೆ ನಿಲ್ಲಿಸಿದರು. ಆಮೇಲೆ ಆಗಾಗ ಕಾಣಿಸಿದ ರಕ್ತವನ್ನು ‘ಉಷ್ಣ’ವೆಂದು ತಳ್ಳಿಹಾಕುತ್ತ ಬಂದರು. ಕೊಲೊನೊಸ್ಕೋಪಿ ಮಾಡಿಸಿದಾಗ ದೊಡ್ಡ ಕರುಳಿನ ಬಲಭಾಗದಲ್ಲಿ ಕ್ಯಾನ್ಸರ್ ಗೆಡ್ಡೆಯಿತ್ತು. ಅದು ಆಗಲೇ ದುಗ್ಧಗ್ರಂಥಿಗಳಿಗೆ ಹರಡಿತ್ತು. ಶಸ್ತ್ರಕ್ರಿಯೆ, ಔಷಧೋಪಚಾರ ಎಲ್ಲವೂ ಆದವು. ಎರಡು ವರ್ಷ ತುಂಬುವ ಮೊದಲೇ ಅವರು ತೀರಿಕೊಂಡರು.

ಉರಿಯೂತದಿಂದ ಕ್ಯಾನ್ಸರ್ ಹೇಗೆ ಹುಟ್ಟುತ್ತದೆ? ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳಿನ ಒಳಗೋಡೆಗೆ ತೆಳುವಾದ ಲೋಳೆಪೊರೆಯಿದೆ. ಅದರ ಜೀವಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸವು ಹುಟ್ಟುತ್ತವೆ. ಅಲ್ಸರೇಟಿವ್ ಕೊಲೈಟಿಸಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಈ ಪೊರೆಯ ಮೇಲೆಯೇ ದಾಳಿ ಮಾಡುತ್ತದೆ. ಪೊರೆ ಕೆಂಪೇರಿ ಹುಣ್ಣಾಗುತ್ತದೆ. ಹುಣ್ಣನ್ನು ಮುಚ್ಚಲು ಜೀವಕೋಶಗಳು ಅವಸರದಿಂದ ಒಡೆದು ದ್ವಿಗುಣಿಸುತ್ತವೆ. ಅದೇ ವೇಳೆಗೆ, ಅಲ್ಲಿ ನೆರೆದ ಬಿಳಿಯ ರಕ್ತಕಣಗಳು ಹೊರಸೂಸುವ ತೀಕ್ಷ್ಣ ಆಮ್ಲಜನಕ ಸಂಯುಕ್ತಗಳು ಜೀವಕೋಶದೊಳಗಿನ ಡಿ.ಎನ್.ಎ.ಯನ್ನು ಘಾಸಿಗೊಳಿಸುತ್ತವೆ. ಅವಸರದ ನಕಲಿನಲ್ಲಿ ತಪ್ಪುಗಳು ಉಳಿದುಬಿಡುತ್ತವೆ. ಹಾಳಾದ ಕೋಶವನ್ನು ತಡೆದು ನಿಲ್ಲಿಸುವ ಪಿ 53 ಎಂಬ ವಂಶವಾಹಿಯೇ ಈ ರೋಗದಲ್ಲಿ ಬೇಗನೆ ಕೆಡುವುದುಂಟು. ಕಾವಲುಗಾರನಿಲ್ಲದ ಹೊಲದಂತೆ ಅಲ್ಲಿ ಕಳೆ ಹಬ್ಬುತ್ತದೆ. ಮೊದಲು ಡಿಸ್ಪ್ಲೇಸಿಯಾ ಎಂಬ ಪೂರ್ವಸ್ಥಿತಿ, ಅನಂತರ ಕ್ಯಾನ್ಸರ್. ಇದೆಲ್ಲ ಒಂದೆರಡು ದಿನಗಳ ಕೆಲಸವಲ್ಲ, ವರ್ಷಗಳ ಕೆಲಸ. ಆದ್ದರಿಂದಲೇ ತಡೆಯಲು ನಮಗೆ ಕಾಲಾವಕಾಶವೂ ಉಂಟು.

ಈ ಸಂಬಂಧ ವೈದ್ಯರಿಗೆ ಹೊಸದೇನಲ್ಲ. ನ್ಯೂಯಾರ್ಕಿನ ಬರ್ರಿಲ್ ಕ್ರೋನ್ ಮತ್ತು ರೋಸೆನ್‌ಬರ್ಗ್ 1925ರಷ್ಟು ಹಿಂದೆಯೇ ಅಲ್ಸರೇಟಿವ್ ಕೊಲೈಟಿಸಿನ ರೋಗಿಯಲ್ಲಿ ಕ್ಯಾನ್ಸರ್ ಹುಟ್ಟಿದುದನ್ನು ವರದಿ ಮಾಡಿದ್ದರು. ಅದೇ ಕ್ರೋನ್ ಅವರು 1932ರಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ವಿವರಿಸಿದ ರೋಗ ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕ್ರೋನ್ ಕಾಯಿಲೆ ದೊಡ್ಡ ಕರುಳನ್ನು ವ್ಯಾಪಿಸಿದ್ದರೆ ಅಲ್ಲಿಯೂ ಇದೇ ಅಪಾಯವಿದೆ.

ಅಪಾಯ ಎಷ್ಟು? 116 ಅಧ್ಯಯನಗಳನ್ನು ಒಟ್ಟುಗೂಡಿಸಿ 2001ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಅಲ್ಸರೇಟಿವ್ ಕೊಲೈಟಿಸ್ ಇರುವವರಲ್ಲಿ 10 ವರ್ಷಗಳಾಗುವಾಗ ನೂರಕ್ಕೆ 2, 20 ವರ್ಷಗಳಾಗುವಾಗ 8, 30 ವರ್ಷಗಳಾಗುವಾಗ 18 ಮಂದಿಗೆ ಕ್ಯಾನ್ಸರ್ ಬರುತ್ತಿತ್ತು. ಆಮೇಲಿನ ಅಧ್ಯಯನಗಳಲ್ಲಿ ಈ ಪ್ರಮಾಣ ಇಳಿದಿದೆ. ಉತ್ತಮ ಔಷಧಗಳು, ಕ್ರಮಬದ್ಧ ತಪಾಸಣೆಗಳು ಅದಕ್ಕೆ ಕಾರಣವೆಂದು ತಜ್ಞರ ಅಭಿಪ್ರಾಯ. ಅಂದರೆ ಬಹುಪಾಲು ರೋಗಿಗಳಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಯಾರು ಹೆಚ್ಚು ಎಚ್ಚರದಿಂದಿರಬೇಕು? ಕರುಳಿನ ಹೆಚ್ಚಿನ ಭಾಗಕ್ಕೆ ಉರಿಯೂತ ಹರಡಿದವರು, ರೋಗ ಹಳೆಯದಾದವರು, ಉರಿಯೂತ ಅಡಗದೆ ಹೊಗೆಯಾಡುತ್ತಲೇ ಇರುವವರು, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ದೊಡ್ಡ ಕರುಳಿನ ಕ್ಯಾನ್ಸರ್ ಬಂದವರು, ಜೊತೆಗೆ ಪಿತ್ತನಾಳಗಳು ಗಡುಸಾಗುವ ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್ ಇರುವವರು. ಉರಿಯೂತ ಗುದನಾಳಕ್ಕೆ ಮಾತ್ರ ಸೀಮಿತವಾಗಿದ್ದರೆ ಅಪಾಯ ಹೆಚ್ಚಿದಂತೆ ಕಂಡುಬಂದಿಲ್ಲ.

ಇಲ್ಲೊಂದು ಸಮಾಧಾನದ ಮಾತನ್ನೂ ಹೇಳಬೇಕು. ಚಿಂತೆಯಾದಾಗ ಹೊಟ್ಟೆ ನುಲಿದು ಭೇದಿಯಾಗುವ, ಐ.ಬಿ.ಎಸ್. ಎಂದು ಕರೆಯಲಾಗುವ ತೊಂದರೆ ಬೇರೆ. ಅದರಲ್ಲಿ ಹುಣ್ಣಿಲ್ಲ, ಅದು ಕ್ಯಾನ್ಸರಿಗೆ ತಿರುಗುವುದಿಲ್ಲ. ಹೆಸರುಗಳು ಹೋಲುವುದರಿಂದ ಗಾಬರಿಯಾಗಬಾರದು. ಆದರೆ ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಇವು ಕಂಡರೆ ಐ.ಬಿ.ಎಸ್. ಎಂದಾಗಲಿ ಮೂಲವ್ಯಾಧಿ ಎಂದಾಗಲಿ ತಾವೇ ತೀರ್ಮಾನಿಸಬಾರದು. ನಮ್ಮ ನಾಡಿನಲ್ಲಿ ಆಮಶಂಕೆ, ಕರುಳಿನ ಕ್ಷಯಗಳೂ ಇಂಥದೇ ಲಕ್ಷಣ ತೋರುವುದರಿಂದ ಪರೀಕ್ಷೆಯಿಲ್ಲದೆ ನಿರ್ಣಯ ಸಾಧ್ಯವಿಲ್ಲ. ಮಾಂಸ, ಮದ್ಯ ಮುಟ್ಟದ ಮನೆಗಳಿಗೆ ಈ ರೋಗ ಬಾರದೆಂಬ ನಂಬಿಕೆಯೂ ಸರಿಯಲ್ಲ. ಆ ಶಿಕ್ಷಕರು ಜೀವಮಾನದಲ್ಲಿ ಎರಡನ್ನೂ ಮುಟ್ಟಿದವರಲ್ಲ.

ಅವರು ತೀರಿಕೊಂಡ ವರ್ಷವೇ ಅವರ ಪತ್ನಿ 22 ವರ್ಷದ ಮಗಳನ್ನು ಕರೆತಂದರು. ಆಕೆಗೂ ಎರಡು ತಿಂಗಳಿಂದ ರಕ್ತಭೇದಿ. ಮದುವೆಗೆ, ಜಾತ್ರೆಗೆ ಹೋಗುವುದನ್ನೇ ಬಿಟ್ಟಿದ್ದಳು. ಅಲ್ಲಿ ಶೌಚಾಲಯ ಸಿಗದಿದ್ದರೆ ಎಂಬ ಭಯ. ಪರೀಕ್ಷೆಯಲ್ಲಿ ತಂದೆಯ ರೋಗವೇ ಕಂಡಿತು. ತಾಯಿ ದನಿ ತಗ್ಗಿಸಿ, “ಸಂಬಂಧದ ಮಾತು ನಡೆದದ್ರಿ, ಡಾಕ್ಟರೇ. ಚೀಟಿ ಮ್ಯಾಲೆ ರೋಗದ ಹೆಸರು ಬರೀಬ್ಯಾಡ್ರಿ” ಎಂದರು. ನಾನು ಉತ್ತರಿಸುವ ಮೊದಲೇ ಮಗಳು, “ಬರೀರಿ ಸರ್. ಅಪ್ಪಾಜಿ ಮುಚ್ಚಿಟ್ಟದ್ದು ಸಾಕು” ಎಂದಳು. ಹೆಸರು ಬರೆದೆ. ರೋಗ ತೊಡಗಿದ ತಿಂಗಳು, ವರ್ಷವನ್ನೂ ಬರೆದೆ.

ಆ ತಾರೀಖು ಏಕೆ ಮುಖ್ಯ? ಮೊದಲ ಲಕ್ಷಣ ಕಂಡ ಸುಮಾರು ಎಂಟು ವರ್ಷಗಳಿಗೆ, ಆರಾಮವಾಗಿದ್ದರೂ ಸರಿ, ದೊಡ್ಡ ಕರುಳಿನ ಪೂರ್ಣ ಕೊಲೊನೊಸ್ಕೋಪಿ ಆಗಬೇಕು. ಅನಂತರ ಅಪಾಯದ ಮಟ್ಟಕ್ಕೆ ಅನುಗುಣವಾಗಿ 1ರಿಂದ 5 ವರ್ಷಗಳಿಗೊಮ್ಮೆ ಮತ್ತೆ ಆಗಬೇಕು. ಮೇಲೆ ಹೇಳಿದ ಪಿತ್ತನಾಳದ ರೋಗವಿದ್ದವರು ಎಂಟು ವರ್ಷ ಕಾಯುವಂತಿಲ್ಲ. ರೋಗ ಗೊತ್ತಾದಂದಿನಿಂದಲೇ ಪ್ರತಿವರ್ಷ ಪರೀಕ್ಷೆ ಬೇಕು. ಸಾಮಾನ್ಯ ಕರುಳಿನ ಕ್ಯಾನ್ಸರ್ ಬಹುಮಟ್ಟಿಗೆ ಎದ್ದುಕಾಣುವ ಪಾಲಿಪ್ ಗಂಟಿನಿಂದ ಹುಟ್ಟಿದರೆ, ಉರಿಯೂತದ ಕರುಳಿನಲ್ಲಿ ಅದು ಚಪ್ಪಟೆಯಾಗಿ ಹಬ್ಬಿ ಕಣ್ಣಿಗೆ ಮರೆಯಾಗಿರಬಲ್ಲದು. ಆದ್ದರಿಂದ ತಜ್ಞರು ಬಣ್ಣ ಸಿಂಪಡಿಸಿ ನೋಡುತ್ತಾರೆ, ಚೂರು ತೆಗೆದು ಬಯಾಪ್ಸಿಗೆ ಕಳುಹಿಸುತ್ತಾರೆ. ಹಿಂದಿನ ದಿನ ತಿಳಿ ಆಹಾರ, ಕರುಳು ತೊಳೆಯುವ ಔಷಧ. ಪರೀಕ್ಷೆಗೆ ಹಿಡಿಯುವ ಕಾಲ ಸುಮಾರು ಅರ್ಧ ಗಂಟೆ. ಉರಿಯೂತ ಅಡಗಿರುವಾಗ ಮಾಡಿಸಿದರೆ ಫಲಿತಾಂಶ ಸ್ಪಷ್ಟ.

ಎರಡನೆಯ ಕರ್ತವ್ಯ, ಗುಣ ಕಂಡಿತೆಂದು ಔಷಧ ಬಿಡದಿರುವುದು. ಮೆಸಲಮೈನ್, ಸಲ್ಫಾಸಲಜೈನ್ ಮುಂತಾದವು ಉರಿಯನ್ನು ಅಡಗಿಸಿಡುವ ಔಷಧಗಳು. ನಿಲ್ಲಿಸಿದರೆ ಅದು ಮರುಕಳಿಸಬಹುದು. ಸಲ್ಫಾಸಲಜೈನ್ ಸೇವಿಸುವವರಿಗೆ ಫೋಲಿಕ್ ಆಮ್ಲವೂ ಬೇಕಾಗುತ್ತದೆ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗುವುದೂ ಅಪಾಯ. ಅವುಗಳಲ್ಲಿ ಕೆಲವು ರೋಗವನ್ನು ಕೆರಳಿಸುತ್ತವೆ. ಗರ್ಭಿಣಿಯರು ಹೆದರಿ ಔಷಧ ಬಿಡಬಾರದು. ಹೆಚ್ಚಿನವು ಮುಂದುವರಿಸಬಹುದಾದವು, ಮೆಥೊಟ್ರೆಕ್ಸೇಟ್‌ನಂಥ ಕೆಲವು ಮಾತ್ರ ಸಲ್ಲವು. ಗರ್ಭಧಾರಣೆಗೆ ಮುನ್ನವೇ ವೈದ್ಯರೊಡನೆ ಮಾತನಾಡಬೇಕು.

ಆ ಹುಡುಗಿಯ ಮದುವೆ ಮರುವರ್ಷ ನಡೆಯಿತು. ರೋಗದ ವಿಷಯವನ್ನು ಗಂಡಿನ ಮನೆಯವರಿಗೆ ಮೊದಲೇ ತಿಳಿಸಿದ್ದರು. ಒಂದು ಸಂಬಂಧ ಅದರಿಂದಲೇ ಮುರಿದದ್ದೂ ನಿಜ, ಎರಡನೆಯದು ಕೂಡಿಬಂತು. ಎಂಟನೆಯ ವರ್ಷದ ಪರೀಕ್ಷೆಗೆ ಪತಿಯೇ ಕರೆತಂದರು. ಏನೂ ದೋಷವಿರಲಿಲ್ಲ. ತಂದೆಗೆ 50ರೊಳಗೆ ಕ್ಯಾನ್ಸರ್ ಬಂದಿದ್ದ ಕಾರಣ ಪ್ರತಿವರ್ಷ ಪರೀಕ್ಷೆ ಮುಂದುವರಿಯಿತು. ಹತ್ತನೆಯ ವರ್ಷ ಒಂದು ಚಿಕ್ಕ ಭಾಗದಲ್ಲಿ ಡಿಸ್ಪ್ಲೇಸಿಯಾ ಕಂಡಿತು. ಹೊಟ್ಟೆ ಕೊಯ್ಯದೆ, ಕೊಲೊನೊಸ್ಕೋಪಿಯ ಮೂಲಕವೇ ಅದನ್ನು ತೆಗೆದರು. ಆಕೆ ಇಂದು ಆರೋಗ್ಯವಾಗಿದ್ದಾಳೆ, ಇಬ್ಬರು ಮಕ್ಕಳ ತಾಯಿ. ಪ್ರತಿವರ್ಷ ತಪ್ಪದೆ ಪರೀಕ್ಷೆಗೆ ಬರುತ್ತಾಳೆ.

ತಂದೆಗೂ ಮಗಳಿಗೂ ಬಂದ ರೋಗ ಒಂದೇ. ಓದುಗ ಬಂಧುಗಳಲ್ಲಿ ಯಾರ ಮನೆಯಲ್ಲಾದರೂ ಈ ರೋಗವಿದ್ದರೆ, ಅದು ತೊಡಗಿದ ವರ್ಷ ಯಾವುದೆಂದು ಇಂದೇ ನೆನಪಿಸಿಕೊಂಡು ಬರೆದಿಡಿ. ಎಂಟು ವರ್ಷ ದಾಟಿದ್ದರೆ ಮುಂದಿನ ಹಬ್ಬದವರೆಗೆ ಕಾಯದೆ ತಜ್ಞರನ್ನು ಕಾಣಿರಿ.