ಕಾಕಾನ ಹನ್ನೆರಡು ಗುಂಟೆ

ಹೋದ ತಿಂಗಳು ಬೈಲಹೊಂಗಲದಿಂದ ಕಾಕಾ ಫೋನ್ ಮಾಡಿದ್ದ. "ತಮ್ಮಾ, ನಿಮ್ಮ ಕಂಪ್ಯೂಟರ್ ಮಂದಿ ನನ್ನ ಹನ್ನೆರಡು ಗುಂಟೆ ಹೊಲಾ ನುಂಗ್ಯಾರ ನೋಡು!"

ಸಾಲಕ್ಕೆಂದು ಯಾವುದೋ ಆ್ಯಪ್‌ನಲ್ಲಿ ಅರ್ಜಿ ತುಂಬಿದ್ದನಂತೆ. ಉತಾರದಲ್ಲಿ (ನೀವು ಪಹಣಿ ಅಂತೀರಲ್ಲ, ಅದೇ) ಇದ್ದ ಹಾಗೆಯೇ 2.20.00 ಅಂತ ಒತ್ತಿದ್ದಾನೆ. ಆ್ಯಪ್ ಒಂದು ಮಾತೂ ಕೇಳದೆ ಅದನ್ನು 2.2 ಎಕರೆ ಮಾಡಿಕೊಂಡು, ಅದರ ಮೇಲೆ ಸಾಲದ ಮೊತ್ತ ತೋರಿಸಿದೆ.

ಬೆಂಗಳೂರಿನ ಗೆಳೆಯರಿಗಾಗಿ ಬಿಡಿಸಿ ಹೇಳ್ತೀನಿ. ಉತಾರದ ಆ ಚುಕ್ಕೆ ದಶಮಾಂಶದ ಚುಕ್ಕೆ ಅಲ್ಲ. 2 ಎಕರೆ, 20 ಗುಂಟೆ, 0 ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಅಂದರೆ ಕಾಕಾನದು ಎರಡೂವರೆ ಎಕರೆ. 2.2 ಅಂದರೆ ಎರಡು ಎಕರೆ ಎಂಟು ಗುಂಟೆ ಅಷ್ಟೇ. ಗುಂಟೆಗೆ 1089 ಚದರಡಿ, ಹನ್ನೆರಡಕ್ಕೆ 13,068. ನಮ್ಮ ಭಾಷೆಯಲ್ಲಿ, ಹತ್ತಿರ ಹತ್ತಿರ ಹನ್ನೊಂದು ಥರ್ಟಿ-ಫಾರ್ಟಿ ಸೈಟು. ಈಗ ಹೊಟ್ಟೆ ಚುರುಕ್ ಅಂತಲ್ಲ?

ಕಳ್ಳ ಯಾರು ಅಂತ ನನಗೆ ಕೂತಲ್ಲೇ ಗೊತ್ತಾಯ್ತು. ಕಸುಬು ಅದೇ ಅಲ್ವೇ. ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಫ್ಲೋಟ್‌ಗೆ "2.20.00" ಕೊಟ್ಟರೆ ಅದು ಎರಡನೇ ಚುಕ್ಕೆಯವರೆಗೆ ಓದಿ, ಉಳಿದದ್ದನ್ನು ಬಿಸಾಕಿ, ನಗುನಗುತ್ತಾ 2.2 ಕೊಡುತ್ತದೆ. "2 ಎಕರೆ 20 ಗುಂಟೆ" ಅಂತ ಬರೆದರೆ ಇನ್ನೂ ಚಂದ: ಬರೀ 2. ಅದೇ ಭಾಷೆಯ ನಂಬರ್‌ಗೆ 2.20.00 ಕೊಡಿ, ಇದು ಸಂಖ್ಯೆಯೇ ಅಲ್ಲ ಅನ್ನುತ್ತದೆ. ಆದರೆ ಖಾಲಿ ಪೆಟ್ಟಿಗೆ ಕೊಟ್ಟರೆ ಸೊನ್ನೆ ಅಂದುಬಿಡುತ್ತದೆ. ಏನೂ ಹೇಳದವನಿಗೆ ಸೊನ್ನೆ ಎಕರೆ! ಪೈಥಾನ್‌ನ ಫ್ಲೋಟ್ 2.20.00 ನೋಡಿದ ಕೂಡಲೇ ಎರರ್ ಎಸೆದು ನಿಲ್ಲುತ್ತದೆ. (ಅದು ೨.೨೦ ಅಂತ ಕನ್ನಡ ಅಂಕಿ ಕೊಟ್ಟರೂ ಓದುತ್ತದೆ, ಜಾವಾಸ್ಕ್ರಿಪ್ಟ್ ಓದುವುದಿಲ್ಲ. ಕನ್ನಡ ಕಂಡಾಗ ಮಾತ್ರ ಅದಕ್ಕೆ ಶಿಸ್ತು ನೆನಪಾಗುತ್ತದೆ.)

ಹಾಗಂತ ಪೈಥಾನ್ ಭಕ್ತರು ಕುಣಿಯಬೇಕಿಲ್ಲ. ಕಾಕಾ ಬರೀ 2.20 ಅಂತ ಒತ್ತಿದ್ದರೆ ಅದೂ 2.2 ಅಂತಲೇ ಕೊಡುತ್ತಿತ್ತು. ತಪ್ಪು ಭಾಷೆಯದಲ್ಲ, ನಮ್ಮದು. ಅಂಕಿ ಕಂಡದ್ದೆಲ್ಲ ಸಂಖ್ಯೆ ಅನ್ನೋ ನಮ್ಮ ಸೋಮಾರಿತನದ್ದು. 5/2 ಅನ್ನೋ ಹಿಸ್ಸಾ ನಂಬರನ್ನು ಎಕ್ಸೆಲ್ ಫೆಬ್ರವರಿ 5 ಮಾಡಿದ್ದನ್ನು ನೋಡಿ ನಕ್ಕು ಮುಂದೆ ಹೋದವರು ನಾವೇ ತಾನೇ?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಮೇಲೆ, ಹಾಳೆ ಮೇಲೆ ಲೆಕ್ಕ ಹಾಕಿದಾಗ. ನಲವತ್ತರಿಂದ ಭಾಗಿಸಬೇಕಾದ ಗುಂಟೆಯನ್ನು ನಾವು ನೂರರಿಂದ ಭಾಗಿಸುತ್ತಿದ್ದೇವೆ. ಹಾಗಾಗಿ ಈ ತಪ್ಪು ಒಮ್ಮೆಯೂ ರೈತನ ಕಡೆ ವಾಲುವುದಿಲ್ಲ. ಗುಂಟೆ ಎಷ್ಟೇ ಇರಲಿ, ಹೊಲ ಕಡಿಮೆಯೇ ಆಗುತ್ತದೆ. 1 ಎಕರೆ 39 ಗುಂಟೆ ಇದ್ದವನದು ಎರಡು ಎಕರೆಗೆ ಒಂದೇ ಗುಂಟೆ ಕಮ್ಮಿ. ನಮ್ಮ ಲೆಕ್ಕದಲ್ಲಿ ಅವನಿಗೆ 1.39. ಸವದತ್ತಿ, ಕಿತ್ತೂರು, ರಾಮದುರ್ಗ, ಎಲ್ಲಿಯ ಉತಾರ ತಂದರೂ ಇದೇ ಗತಿ.

ಟೀಮಿನಲ್ಲಿ ಹೇಳಿದರೆ ಒಬ್ಬ, "ಯೂಸರ್ ದಶಮಾಂಶದಲ್ಲಿ ಹಾಕಬೇಕಪ್ಪ, ಟ್ರೈನಿಂಗ್ ಕೊಡಿ" ಅಂದ. ಯಾರಿಗೆ ಟ್ರೈನಿಂಗ್? ಸರ್ಕಾರವೇ ಅಚ್ಚು ಹಾಕಿ ಕೊಟ್ಟ ಕಾಗದವನ್ನು ಇದ್ದಂತೆ ನಕಲು ಮಾಡಿದವನಿಗೋ? 'ಭೂಮಿ' ಯೋಜನೆ ಈ ದಾಖಲೆಗಳನ್ನು ಕಂಪ್ಯೂಟರಿಗೆ ತಂದು ಇಪ್ಪತ್ತು ವರ್ಷ ದಾಟಿದೆ. ಇನ್ನೊಬ್ಬಳು, ಪೆಟ್ಟಿಗೆ ಹೆಚ್ಚಾದರೆ ಜನ ಅರ್ಧಕ್ಕೇ ಬಿಟ್ಟು ಹೋಗ್ತಾರೆ ಅಂದಳು. ಹೋಗಲಿ ಬಿಡಿ, ಹೊಲಾನಾದರೂ ಪೂರ್ತಿ ಉಳಿದೀತು. ಎಕರೆಗೊಂದು, ಗುಂಟೆಗೊಂದು, ಆಣೆಗೊಂದು, ಮೂರೇ ಪೆಟ್ಟಿಗೆ. ಗುಂಟೆ ಪೆಟ್ಟಿಗೆಯಲ್ಲಿ 39ಕ್ಕಿಂತ ಹೆಚ್ಚು ಬಂದರೆ ನಿಲ್ಲಿಸಿ ಕೇಳಿ. ಅರ್ಧ ದಿನದ ಕೆಲಸ.

ಆ ಆ್ಯಪ್‌ನವರಿಗೆ ಬರೆದೆ. "ದಯವಿಟ್ಟು ಸರಿಯಾದ ವಿಸ್ತೀರ್ಣ ನಮೂದಿಸಿ" ಅಂತ ಉತ್ತರ ಬಂತು. ಕಾಕಾ 2.50 ಅಂತ ತಿದ್ದಿ ಕಳಿಸಿದ. ಮೂರು ದಿನ ಬಿಟ್ಟು ಮತ್ತೆ ಫೋನ್.

"ಅರ್ಜಿ ವಾಪಸ್ ಬಂತೋ ತಮ್ಮಾ. ಉತಾರದಾಗ 2.20 ಐತಿ, ನೀವು 2.50 ಬರದೀರಿ, ತಾಳಿ ಆಗೂದಿಲ್ಲ ಅಂತಾರ."