ಇದು ಸೋಗಲ್ಲ, ಕಾಯಿಲೆ



“ಅವಳಿಗೇನ್ರೀ ಕಡಿಮೆ? ಗಂಡ ಒಳ್ಳೆಯವನು, ಮಕ್ಕಳು ಜಾಣರು. ಆದ್ರೂ ಸಪ್ಪೆ ಮುಖ ಹಾಕ್ಕೊಂಡು ಕೂತಿರ್ತಾಳೆ.” ಇಂಥ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಹಾಗೆ ಕೂತವಳಿಗೆ ಖಿನ್ನತೆ ಎಂಬ ಕಾಯಿಲೆ ಇರಬಹುದೆಂದು ಎಷ್ಟು ಜನಕ್ಕೆ ಹೊಳೆಯುತ್ತದೆ?

ಬೇಸರ ಯಾರಿಗಿಲ್ಲ ಹೇಳಿ? ತವರಿನಿಂದ ಮರಳಿದ ಮೇಲೆ ಎರಡು ದಿನ ಮನಸ್ಸು ಭಾರವಾಗಿರುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಖಿನ್ನತೆ ಹಾಗಲ್ಲ. ಎರಡು ವಾರ ಕಳೆದರೂ ದಿನವಿಡೀ ಮನಸ್ಸು ಕುಗ್ಗಿಯೇ ಇರುತ್ತದೆ. ಹೂ ಮುಡಿಯುವುದೂ ಬೇಡ, ನೆರೆಮನೆಯವರ ಜೊತೆ ಮಾತೂ ಬೇಡ. ಬೆಳಗಿನ ಜಾವ ಎಚ್ಚರವಾದರೆ ಮತ್ತೆ ನಿದ್ದೆ ಬರದು. ಊಟ ಸೇರದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರದು. ಎಷ್ಟೋ ಹೆಂಗಸರು ಇದನ್ನು ತಲೆನೋವು, ಮೈಕೈ ನೋವು, ಸುಸ್ತು ಎಂದಷ್ಟೇ ಹೇಳುತ್ತಾರೆ. ಬಾಣಂತಿಗೆ ಮೊದಲ ಕೆಲವು ದಿನ ಅಳು ಬರುವುದು ಸಹಜ. ಎರಡು ವಾರ ದಾಟಿದರೂ ನಿಲ್ಲದಿದ್ದರೆ ಅಲಕ್ಷ್ಯ ಬೇಡ.

ಮೊದಲು ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ತೊಂದರೆ, ರಕ್ತಹೀನತೆಯಲ್ಲೂ ಇಂಥದೇ ಸುಸ್ತು ಇರುವುದರಿಂದ ರಕ್ತ ಪರೀಕ್ಷೆ ಮಾಡಿಸಬಹುದು. ಇನ್ನೊಂದು ವಿಷಯ ಮುಚ್ಚಿಡಬೇಡಿ. ಹಿಂದೆ ಎಂದಾದರೂ ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿಯದೆ, ವಿಪರೀತ ಹುರುಪು, ಮಿತಿಯಿಲ್ಲದ ಮಾತು, ಕೈಮೀರಿದ ಖರ್ಚು ಇತ್ತೇ? ಅದು ಹಿಗ್ಗು-ಕುಗ್ಗು ಎರಡೂ ಬರುವ ಬೈಪೋಲಾರ್ ಕಾಯಿಲೆ ಇರಬಹುದು. ಅದರ ಔಷಧವೇ ಬೇರೆ.

ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಹೆಚ್ಚಿದ್ದರೆ ಮಾತ್ರೆಯೂ ಬೇಕು. ಬಹಳ ಮಂದಿ ಎಡವುವುದು ಇಲ್ಲೇ. ನಾಲ್ಕು ದಿನ ನುಂಗಿ, “ಏನೂ ಗುಣ ಕಾಣ್ಲಿಲ್ಲ, ಬಾಯಿ ಬೇರೆ ಒಣಗುತ್ತೆ” ಎಂದು ಬಿಟ್ಟುಬಿಡುತ್ತಾರೆ. ಹೆಪ್ಪು ಹಾಕಿದ ಹಾಲನ್ನು ಗಳಿಗೆಗೊಮ್ಮೆ ಕಲಕಿದರೆ ಮೊಸರಾದೀತೇ? ಈ ಮಾತ್ರೆಗಳ ಗುಣ ಕಾಣಲು 2ರಿಂದ 4 ವಾರ ಬೇಕು. ವಾಕರಿಕೆ, ತಲೆನೋವಿನಂಥ ತೊಂದರೆ ಸಾಮಾನ್ಯವಾಗಿ ಮೊದಮೊದಲು ಇದ್ದು ಕಡಿಮೆಯಾಗುತ್ತದೆ. ಹೆಚ್ಚಾದರೆ ಡಾಕ್ಟರಿಗೆ ಹೇಳಿ. ಮನಸ್ಸು ಹಗುರವಾದ ಮೇಲೂ ಕನಿಷ್ಠ 6 ತಿಂಗಳು ಮುಂದುವರಿಸಬೇಕಾಗುತ್ತದೆ, ಇಲ್ಲವಾದರೆ ಕಾಯಿಲೆ ಮರುಕಳಿಸಬಹುದು. ಇವು ಚಟ ಹತ್ತಿಸುವ ಮಾತ್ರೆಗಳಲ್ಲ. ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ತಳಮಳ ಬರಬಹುದು. ಡಾಕ್ಟರು ಹೇಳಿದಂತೆ ಮೆಲ್ಲಗೆ ಇಳಿಸಿ.

ಇದಕ್ಕಾಗಿ ಬೆಂಗಳೂರಿನ ನಿಮ್ಹಾನ್ಸ್‌ಗೋ ಧಾರವಾಡಕ್ಕೋ ಹೋಗಲೇಬೇಕೆಂದಿಲ್ಲ. ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆ ತೋರಿಸಿತು. ಆ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಕಾಸು ಬೇಡ, ಕನ್ನಡದಲ್ಲೇ ಮಾತಾಡಬಹುದು.

“ಬದುಕಿ ಏನು ಪ್ರಯೋಜನ” ಎಂಬ ಮಾತು ಬಂದರೆ ಗದರಬೇಡಿ. “ಸಾಯಬೇಕು ಅನ್ನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಮನೆಯವರು “ಧೈರ್ಯ ತಂದ್ಕೋ” ಎಂದರಷ್ಟೇ ಸಾಲದು. “ನಾಳೆ ಅಡುಗೆ ನಾನು ನೋಡ್ಕೋತೀನಿ, ನೀನು ಡಾಕ್ಟರ ಹತ್ರ ಹೋಗಿ ಬಾ” ಎನ್ನುವ ಅತ್ತೆಯೋ ಓರಗಿತ್ತಿಯೋ ಇದ್ದರೆ ಅರ್ಧ ಭಾರ ಇಳಿದಂತೆಯೇ.