ಕಟಕಟೆಗೆ ಕಂಠಪಾಠ ಬೇಡ

ಕೋರ್ಟಿನಲ್ಲಿ ‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ನ್ಯಾಯಾಲಯದ ವಿಷಯದಲ್ಲಿ ನಮ್ಮ ಹಿರಿಯರಿಗಿದ್ದ ಅಂಜಿಕೆಯನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ಈ ಗಾದೆಯಲ್ಲಿ ವಾದಿಯೂ ಪ್ರತಿವಾದಿಯೂ ಉಂಟೇ ಹೊರತು, ಗೆಲುವು ಸೋಲುಗಳೆರಡೂ ತನ್ನದಲ್ಲದಿದ್ದರೂ ಆ ಮೆಟ್ಟಿಲನ್ನು ಹತ್ತಬೇಕಾಗಿ ಬರುವ ಮೂರನೆಯವನೊಬ್ಬನ ಸುದ್ದಿಯೇ ಇಲ್ಲ. ಅವನೇ ಸಾಕ್ಷಿ. ತಾನು ಕಂಡದ್ದನ್ನು ಹತ್ತು ಜನರ ಮುಂದೆ ಪ್ರಮಾಣ ಮಾಡಿ ಹೇಳಬೇಕಾದ ಆ ದಿನಕ್ಕೆ ಅವನು ಹೇಗೆ ಸಿದ್ಧನಾಗಬೇಕೆಂಬುದನ್ನು ನಮ್ಮ ಯಾವ ಪಠ್ಯಪುಸ್ತಕವೂ ಹೇಳಿಕೊಡುವುದಿಲ್ಲ. ಇಂದೋ ನಾಳೆಯೋ ನಮ್ಮಲ್ಲಿ ಅನೇಕರಿಗೆ ಈ ಪ್ರಸಂಗ ಒದಗುವುದು ಖಂಡಿತವಾದುದರಿಂದ, ಈ ವಿಷಯದಲ್ಲಿ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಮತ್ತು ಗುರುಗಳ ಮುಂದಿಡಲು ಬಯಸುತ್ತೇನೆ.

ವಿದ್ಯಾರ್ಥಿಗಳಾದ ನಮಗೆ ಸಿದ್ಧತೆಯೆಂದರೆ ಉರುಹೊಡೆಯುವುದು. ಮಾರ್ಚಿ ಏಪ್ರಿಲ್ ತಿಂಗಳುಗಳಲ್ಲಿ ವಿದ್ಯಾರ್ಥಿನಿಲಯದ ವರಾಂಡದಲ್ಲಿ ಅಡ್ಡಾಡುತ್ತ ನಾವು ಮಾಡುವುದೇ ಅದು. ಊರಿನಲ್ಲಿರುವ ನಮ್ಮ ಜನಕ್ಕೂ ಸಾಕ್ಷಿಯೆಂದರೆ ಇದೇ ಭಾವನೆ. ಯಾರೋ ತಿಳಿದವರು ಬರೆದುಕೊಡಬೇಕು, ತಾವು ಬಾಯಿಪಾಠ ಮಾಡಿ ಒಪ್ಪಿಸಿ ಬರಬೇಕು. ಸಾಕ್ಷಿಯ ಕಟ್ಟೆಗೆ ಇದಕ್ಕಿಂತ ಕೆಟ್ಟ ಸಿದ್ಧತೆ ಬೇರೊಂದಿಲ್ಲವೆಂಬುದೇ ನನ್ನ ವಾದ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ದೊಡ್ಡಪ್ಪನವರು ಹಿಂದೊಮ್ಮೆ ನೆರೆಮನೆಯ ಮುದುಕರೊಬ್ಬರ ಉಯಿಲಿಗೆ ಸಾಕ್ಷಿ ಹಾಕಿದ್ದರು. ಹಳ್ಳಿಯಲ್ಲಿ ಇದು ಎಲೆ ಅಡಿಕೆ ಹಾಕಿಕೊಂಡಷ್ಟೇ ಸಲೀಸಾಗಿ ನಡೆಯುವ ಕೆಲಸ. ಆದರೆ ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳಿರಬೇಕೆಂದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಮುಂದೆ ಅದನ್ನು ಕೋರ್ಟಿನಲ್ಲಿ ರುಜುವಾತುಪಡಿಸಬೇಕಾದಾಗ, ಆ ಸಾಕ್ಷಿಗಳು ಬದುಕಿದ್ದರೆ, ಅವರಲ್ಲಿ ಒಬ್ಬರನ್ನಾದರೂ ಕರೆಸಲೇಬೇಕು. ಮುದುಕರು ತೀರಿಕೊಂಡರು, ಮಕ್ಕಳು ದಾವೆ ಹೂಡಿದರು, ದೊಡ್ಡಪ್ಪನವರಿಗೆ ಕರೆ ಬಂತು. ಸಿವಿಲ್ ದಾವೆಗಳಲ್ಲಿ 2002ರಿಂದ ಮುಖ್ಯ ವಿಚಾರಣೆಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಮಾಣಪತ್ರದ ರೂಪದಲ್ಲಿ ಬರೆದೇ ಒಪ್ಪಿಸುವುದು ಪದ್ಧತಿ. ಅಂಥ ಪ್ರಮಾಣಪತ್ರದ ಕರಡನ್ನು ವಕೀಲರ ಗುಮಾಸ್ತರು ಕೊಟ್ಟುಕಳಿಸಿದ್ದರು. ಅದನ್ನು ಹಿಡಿದುಕೊಂಡು ಬಂದು ದೊಡ್ಡಪ್ಪನವರು, “ಮಗಾ, ನೀನು ಬಿ.ಎ. ಓದ್ತಾ ಇದ್ದೀಯ. ಇದನ್ನ ನಾಕು ಸಲ ಓದಿ ಹೇಳು, ಬಾಯಿಪಾಠ ಮಾಡ್ಕೋತೀನಿ” ಎಂದರು.

ಓದಿದೆ. ‘ಮಧ್ಯಾಹ್ನ ಹನ್ನೆರಡೂವರೆ ಗಂಟೆಗೆ’, ‘ಸ್ಥಿರಬುದ್ಧಿಯುಳ್ಳವರಾಗಿ’, ‘ಯಾರ ಒತ್ತಾಯವೂ ಇಲ್ಲದೆ’ ಎಂದೆಲ್ಲ ಇತ್ತು. “ಇದು ನೀವು ಹೇಳಿದ್ದೇ?” ಎಂದು ಕೇಳಿದೆ. “ಗಂಟೆ ನನಗೇನು ಗೊತ್ತಪ್ಪ? ರಾಗಿ ಕಣ ಮುಗಿದಿತ್ತು. ಬುತ್ತಿ ಉಂಡು ಬಂದಿದ್ದೆ. ಅವರು ಜಗಲಿ ಮೇಲೆ ಕೂತಿದ್ರು, ಓದಿಸಿ ಕೇಳಿದ್ರು, ‘ಹೂಂ, ಸರಿ’ ಅಂದು ಹೆಬ್ಬೆಟ್ಟು ಒತ್ತಿದ್ರು. ಆಮೇಲೆ ನಾನು ಅವರ ಮುಂದೇನೇ ರುಜು ಮಾಡಿದೆ” ಎಂದರು. ಕಾನೂನು ಕೇಳುವುದೆಲ್ಲ ಆ ನಾಲ್ಕು ಮಾತಿನಲ್ಲೇ ಇತ್ತು. ಕರಡಿನಲ್ಲಿದ್ದ ಗಂಟೆಯನ್ನು ತೆಗೆಸಿ, ಕಣದ ಮಾತನ್ನು ಸೇರಿಸಿದ ಮೇಲೆಯೇ ಅವರು ಸಹಿ ಮಾಡಿದರು. ಎರಡು ಸಲ ವಾಯಿದೆ ಬಿದ್ದು ಮೂರನೆಯ ಸಲ ಅವರ ಪಾಟೀಸವಾಲು ನಡೆಯಿತು. “ಯಾವ ತಾರೀಖು?” ಎಂದು ಕೇಳಿದ್ದಕ್ಕೆ “ತಾರೀಖು ನೆನಪಿಲ್ಲ ಸ್ವಾಮಿ, ಕಣ ಮುಗಿದ ಮೇಲೆ” ಎಂದರಂತೆ. ಇಲ್ಲದ ನೆನಪನ್ನು ಬಾಯಿಪಾಠ ಮಾಡಿದ್ದರೆ ಅಷ್ಟು ನಿರಾಳವಾಗಿ ಹೇಳಲು ಸಾಧ್ಯವಾಗುತ್ತಿರಲಿಲ್ಲ.

ಹಾಗಾದರೆ ನಿಜವಾದ ಸಿದ್ಧತೆ ಯಾವುದು? ಮೊದಲನೆಯದಾಗಿ, ನಮ್ಮ ನೆನಪಿನಲ್ಲಿರುವುದನ್ನು ಮೂರು ಪಾಲು ಮಾಡಬೇಕು: ಕಂಡದ್ದು, ಕೇಳಿದ್ದು, ಊಹಿಸಿದ್ದು. 1872ರ ಸಾಕ್ಷ್ಯ ಕಾಯಿದೆಯ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಜಾರಿಗೆ ಬಂದಿದೆ. ಹೆಸರು ಬದಲಾದರೂ ಮೂಲತತ್ತ್ವ ಬದಲಾಗಿಲ್ಲ. ಕಣ್ಣಿಗೆ ಕಾಣುವಂಥ ಸಂಗತಿಯಾದರೆ ಕಂಡವನೇ ಬಂದು ಹೇಳಬೇಕು, ಕಿವಿಗೆ ಕೇಳುವಂಥದಾದರೆ ಕೇಳಿದವನೇ ಬಂದು ಹೇಳಬೇಕು. ರಸ್ತೆಯ ತಿರುವಿನಲ್ಲಿ ಲಾರಿಯೊಂದು ಸೈಕಲ್ಲಿಗೆ ಬಡಿಯಿತೆನ್ನೋಣ. “ಲಾರಿ ಅತಿವೇಗವಾಗಿ ಬಂದು ಹೊಡೆಯಿತು” ಎಂದು ಹೋಟೆಲಿನ ಬೆಂಚಿನ ಮೇಲಿದ್ದ ಹತ್ತು ಜನರೂ ಹೇಳುತ್ತಾರೆ. ವಿಚಾರಿಸಿದರೆ ಒಂಬತ್ತು ಜನ ಕೇಳಿದ್ದು ಸದ್ದನ್ನು. ತಿರುಗಿ ನೋಡುವಷ್ಟರಲ್ಲಿ ಸೈಕಲ್ಲು ನೆಲದ ಮೇಲಿತ್ತು. ವೇಗವು ಅವರ ಊಹೆ. ಆ ಒಂಬತ್ತು ಜನರೂ ಸುಳ್ಳುಗಾರರಲ್ಲ; ಮೂರು ಪಾಲನ್ನು ಕಲಸಿಕೊಂಡವರು ಅಷ್ಟೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ನಮ್ಮ ಗಾದೆಯನ್ನು ಮೊದಲು ನಮ್ಮ ನೆನಪಿನ ಮೇಲೆಯೇ ಪ್ರಯೋಗಿಸಬೇಕು.

ಎರಡನೆಯದಾಗಿ, ನಮ್ಮ ಅಳತೆಗಳನ್ನು ಬಿಟ್ಟುಕೊಡಬಾರದು. ‘ಕೂಗಳತೆ ದೂರ’, ‘ಎರಡು ಮಾರು’, ‘ದೀಪ ಹಚ್ಚುವ ಹೊತ್ತು’ ಎಂದು ತಿಳಿದವನು ಅವನ್ನೇ ಹೇಳಲಿ. ಮರ್ಯಾದೆಗೆಂದು ಅದನ್ನು ಅಡಿಗೂ ನಿಮಿಷಕ್ಕೂ ತಿರುಗಿಸಿದರೆ, ಮುಂದಿನ ಪ್ರಶ್ನೆಯಲ್ಲಿಯೇ ಸಿಕ್ಕಿಬೀಳುವುದು ನಿಶ್ಚಯ.

ಮೂರನೆಯದು ಬರವಣಿಗೆ. ಘಟನೆ ನಡೆದಾಗಲೇ ಅಥವಾ ನೆನಪು ಹಸಿಯಾಗಿರುವಾಗಲೇ ಸಾಕ್ಷಿ ಬರೆದಿಟ್ಟ ಟಿಪ್ಪಣಿಯನ್ನು ಕೋರ್ಟಿನಲ್ಲಿ ನೋಡಿ ನೆನಪು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವುಂಟು. ಎದುರು ಪಕ್ಷದವರಿಗೂ ಅದನ್ನು ನೋಡುವ ಹಕ್ಕುಂಟು, ಅದು ನ್ಯಾಯವೇ. ಆದ್ದರಿಂದ ಅಕ್ಷರ ಬಲ್ಲ ನಾವು ಬರೆಯಬೇಕಾದದ್ದು ವಿಚಾರಣೆಯ ಹಿಂದಿನ ರಾತ್ರಿಯಲ್ಲ, ಘಟನೆಯಾದ ರಾತ್ರಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿ ಸಹಿ ಮಾಡಬೇಕಾಗಿಲ್ಲವೆಂಬುದನ್ನೂ, ಕ್ರಿಮಿನಲ್ ಮೊಕದ್ದಮೆಯಲ್ಲಿ ನ್ಯಾಯಾಧೀಶರು ದಾಖಲಿಸಿದ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು, ತಪ್ಪಿದ್ದರೆ ಅವನು ಅಲ್ಲಿಯೇ ಹೇಳಬಹುದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಓದುವಾಗ ಕಿವಿಗೊಟ್ಟು ಕೇಳುವುದೂ ಸಿದ್ಧತೆಯ ಒಂದು ಅಂಗವೇ.

ಇನ್ನು ಪಾಟೀಸವಾಲು. “ನೀವು ಇಲ್ಲಿಗೆ ಬರುವ ಮುಂಚೆ ವಕೀಲರೊಡನೆ ಮಾತನಾಡಿದಿರೋ ಇಲ್ಲವೋ?” ಎಂಬುದೊಂದು ಹಳೆಯ ಪ್ರಶ್ನೆ. ಮಾತನಾಡಿದ್ದೇ ಅಪರಾಧವೆಂದು ಹೆದರಿ ಎಷ್ಟೋ ಜನ “ಇಲ್ಲ” ಎಂದುಬಿಡುತ್ತಾರೆ. ಸತ್ಯವಂತನು ಹೇಳುವ ಏಕೈಕ ಸುಳ್ಳು ಅದು. ಉಳಿದ ಸತ್ಯವನ್ನೆಲ್ಲ ಅದೇ ಮುಳುಗಿಸುತ್ತದೆ. ವಕೀಲರು ಸಾಕ್ಷಿಯಿಂದ ವಿಷಯ ತಿಳಿದುಕೊಳ್ಳುವುದು ತಪ್ಪಲ್ಲ, ಅವನ ಬಾಯಿಗೆ ಮಾತು ತುರುಕುವುದು ತಪ್ಪು. “ಮಾತನಾಡಿದೆ, ಕಂಡದ್ದನ್ನು ಹೇಳೆಂದರು” ಎನ್ನುವವನನ್ನು ಯಾವ ಪ್ರಶ್ನೆಯೂ ಅಲುಗಿಸಲಾರದು. ಕೇವಲ ಅವಮಾನಪಡಿಸುವುದಕ್ಕಾಗಿ ಕೇಳುವ ಪ್ರಶ್ನೆಗಳನ್ನು ನ್ಯಾಯಾಲಯವು ತಡೆಯಬೇಕೆಂದು ಕಾನೂನಿನಲ್ಲಿಯೇ ಇದೆ.

ಇದಕ್ಕೆ ಕೆಲವರು ಆಕ್ಷೇಪಣೆ ತೆಗೆಯಬಹುದು: “ಮುಗ್ಧ ಜನರನ್ನು ಹಾಗೆಯೇ ಕಳುಹಿಸಿದರೆ ಚತುರ ವಕೀಲರು ಹರಿದು ಹಾಕುತ್ತಾರೆ, ಹೇಳಿಕೊಡುವುದೇ ದಯೆ.” ಈ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ಹರಿದುಹೋಗುವುದು ಯಾವುದೆಂಬುದನ್ನು ವಿಚಾರಮಾಡಬೇಕು. ಹೇಳಿಕೊಟ್ಟ ಮಾತಿಗೆ ಮುಂದಿನ ಪುಟವಿರುವುದಿಲ್ಲ. ಪ್ರಶ್ನೆ ಬರುವುದು ಯಾವಾಗಲೂ ಮುಂದಿನ ಪುಟದಿಂದಲೇ. ಕಂಡವನು ಮಾತ್ರ ಮತ್ತೊಮ್ಮೆ ಮನಸ್ಸಿನೊಳಗೆ ನೋಡಿ ಉತ್ತರಿಸಬಲ್ಲ, ಇಲ್ಲವೆ “ತಿಳಿಯದು” ಎನ್ನಬಲ್ಲ. ಅಲ್ಲದೆ ತಿಳಿದೂ ತಿಳಿದೂ ಸುಳ್ಳು ಸಾಕ್ಷ್ಯ ನುಡಿದವನಿಗೆ ಏಳು ವರ್ಷಗಳವರೆಗೆ ಸೆರೆವಾಸವಾಗಬಹುದು. ಬರೆದುಕೊಟ್ಟವನು ಮನೆಯಲ್ಲಿರುತ್ತಾನೆ, ಪ್ರಮಾಣ ಮಾಡಿದವನು ಸಿಕ್ಕಿಕೊಳ್ಳುತ್ತಾನೆ. ಇದು ದಯೆಯಲ್ಲ.

ಸಿದ್ಧತೆ ಸಾಕ್ಷಿಯೊಬ್ಬನದೇ ಅಲ್ಲ, ಸರ್ಕಾರ ಮತ್ತು ನ್ಯಾಯಾಲಯಗಳದೂ ಹೌದು. ಸಾಕ್ಷಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ, ವಾಯಿದೆಯ ಮೇಲೆ ವಾಯಿದೆಯೆಂದು 2000ದಲ್ಲಿ ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಮರುಗಿತು. 1999ರಲ್ಲಿ ದೆಹಲಿಯಲ್ಲಿ ಜೆಸ್ಸಿಕಾ ಲಾಲ್ ಎಂಬ ತರುಣಿ ಹಲವರ ಎದುರಿಗೇ ಗುಂಡಿಗೆ ಬಲಿಯಾದಳು. ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ತಿರುಗಿಸಿದ್ದರಿಂದ 2006ರ ಫೆಬ್ರವರಿಯಲ್ಲಿ ಆರೋಪಿಗಳೆಲ್ಲರೂ ಬಿಡುಗಡೆಯಾದರು. ಅದೇ ವರ್ಷದ ಡಿಸೆಂಬರಿನಲ್ಲಿ, ಮಾತು ಬದಲಿಸದೆ ನಿಂತ ಕೆಲವರ ಸಾಕ್ಷ್ಯಕ್ಕೆ ಬೆಲೆಕೊಟ್ಟು ದೆಹಲಿಯ ಉಚ್ಚ ನ್ಯಾಯಾಲಯವು ಮುಖ್ಯ ಆರೋಪಿಗೆ ಶಿಕ್ಷೆ ವಿಧಿಸಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಅಂಗೀಕರಿಸಿತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯು ಅಂಥ ಯೋಜನೆಯನ್ನು ರಾಜ್ಯಗಳ ಕರ್ತವ್ಯವನ್ನಾಗಿ ಮಾಡಿದೆ. ಬೆದರಿಕೆಯಿರುವ ಸಾಕ್ಷಿ ರಕ್ಷಣೆಗಾಗಿ ಅರ್ಜಿ ಕೊಡಬಹುದು. ಆದರೆ ಆ ಅರ್ಜಿಯ ಸುದ್ದಿ ಎಷ್ಟು ಹಳ್ಳಿಗಳಿಗೆ ಮುಟ್ಟಿದೆ? ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹಿಡಿದು ಬಂದವನನ್ನು ‘ಮುಂದಿನ ತಿಂಗಳು ಬಾ’ ಎಂದು ಕಳಿಸುವ ದೇಶದಲ್ಲಿ ಸತ್ಯಕ್ಕೆ ಕಾಲುನೋವು ಬರುವುದು ಸಹಜ.

ಇಲ್ಲಿ ನಮ್ಮ ಪಾತ್ರವೇನು? ಮನೆಯಲ್ಲಿ ಮೊದಲು ಓದಿದವರು ನಾವು ಹಲವರಿದ್ದೇವೆ. ಕೋರ್ಟಿನ ಯಾವ ಕಾಗದ ಬಂದರೂ ಊರಿನವರು ಅದನ್ನು ಹಿಡಿದು ನಮ್ಮಲ್ಲಿಗೇ ಬರುತ್ತಾರೆ. ಆಗ ನಾವು ಅವರಿಗೆ ನಮ್ಮ ಪುಸ್ತಕದ ಮಾತನ್ನು ಕೊಡಬಾರದು. ಅವರ ಮಾತನ್ನೇ ಅವರಿಗೆ ಉಳಿಸಿಕೊಡಬೇಕು. ಅದಕ್ಕೆ ಮೊದಲು ನಾವು ಕಲಿಯಬೇಕು. ನಮ್ಮ ಚರ್ಚಾಸಂಘವು ವರ್ಷಕ್ಕೊಂದು ದಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಕರೆಸಿ ಈ ವಿಷಯದಲ್ಲಿ ಉಪನ್ಯಾಸ ಏರ್ಪಡಿಸಲಿ. ನಮ್ಮ ಗ್ರಂಥಾಲಯಕ್ಕೆ ಸಾಕ್ಷ್ಯ ಅಧಿನಿಯಮದ ಕನ್ನಡ ಪ್ರತಿಯೊಂದು ಬರಲಿ. ಇವೆರಡಕ್ಕೂ ಹೆಚ್ಚು ಹಣ ಬೇಕಾಗಿಲ್ಲ. ಸಂಬಂಧಪಟ್ಟ ಅಧ್ಯಾಪಕರು ದಯವಿಟ್ಟು ಬರುವ ವರ್ಷದ ಕಾರ್ಯಕ್ರಮದಲ್ಲಿ ಇದನ್ನು ಸೇರಿಸಬೇಕೆಂದು ಕೋರುತ್ತೇನೆ.